ಕಡಲೆಯ ಕುಡಿ ಚೂಟಿದಾಗ

ಕಾರ್ತೀಕದ ಕೊನೆಗೆ ಯಲಬುರ್ಗಾದಿಂದ ಕುಕನೂರಿನ ಕಡೆ ಹೊರಟರೆ ಎರೆ ಹೊಲಗಳಲ್ಲಿ ಹೆಂಗಸರು ಸಾಲು ಹಿಡಿದು ಬಗ್ಗಿರುವುದು ಕಾಣುತ್ತದೆ. ಕಸ ತೆಗೆಯುತ್ತಿದ್ದಾರೆ ಅಂದುಕೊಂಡರೆ ತಪ್ಪು. ಬಿತ್ತಿ ಒಂದು ತಿಂಗಳಾದ, ಇನ್ನೂ ಗೇಣುದ್ದ ಬೆಳೆದ ಕಡಲೆ ಗಿಡದ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಚಕ್ಕನೆ ಮುರಿದು ಉಡಿಗೆ ಹಾಕಿಕೊಳ್ಳುತ್ತಿರುತ್ತಾರೆ. ಇಲ್ಲಿಯ ಮಾತಿನಲ್ಲಿ ಇದು ಕುಡಿ ಚೂಟುವುದು. ಉಡಿಯಲ್ಲಿ ತುಂಬಿದ್ದು ಸಂಜೆಗೆ ಕಡ್ಲಿಪಲ್ಲೆ; ಹೆಚ್ಚಾದದ್ದು ಒಣಗಿ ಬೇಸಿಗೆಗೆ ಉಳಿಯುತ್ತದೆ. ಬೆಳೆಯುವ ಗಿಡದ ತಲೆಯನ್ನೇ ಯಾಕೆ ಮುರಿಯುತ್ತೀರಿ ಎಂದು ಕೇಳಿದರೆ ಉತ್ತರ ಎಲ್ಲ ಹೊಲದಲ್ಲೂ ಹೆಚ್ಚುಕಡಿಮೆ ಒಂದೇ: "ಚೂಟಿದ್ರ ಹಬ್ಬತೈತ್ರೀ. ಹಂಗ ಬಿಟ್ರ ಸೊಕ್ಕತೈತಿ."

ಸೊಕ್ಕು ಎಂಬ ಮಾತು ನೆನಪಿರಲಿ. ಗಂಗಾವತಿಯ ಗದ್ದೆಗೆ ಹೋದಾಗ ಮತ್ತೆ ಬೇಕಾಗುತ್ತದೆ.

ಚೂಟಿದ ಬೆರಳನ್ನು ನಾಲಿಗೆಗೆ ಮುಟ್ಟಿಸಿದರೆ ಹುಳಿ. ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿ ಚುರುಗುಡುತ್ತದೆ, ಉಗುರಿನ ಅಂಚು ಬಿರಿಯುತ್ತದೆ. ಕಡಲೆ ಎಲೆಯ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ರೋಮಗಳಿವೆ. ರೋಮದ ತುದಿಯಲ್ಲಿ ಹನಿ, ಹನಿಯಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ರಾತ್ರಿ ಹೊಲದ ಮೇಲೆ ಬಿಳಿ ಬಟ್ಟೆ ಹಾಸಿ, ನಸುಕಿನಲ್ಲಿ ಇಬ್ಬನಿಯ ಸಮೇತ ಹಿಂಡಿ ಸೀಸೆಯಲ್ಲಿ ತುಂಬಿಟ್ಟುಕೊಳ್ಳುವ ರೂಢಿ ಈ ಕಡೆ ಇತ್ತು. ಅದೇ ಕಡಲೆ ಹುಳಿ, ಹೊಟ್ಟೆಯುಬ್ಬರಕ್ಕೆ ಮನೆಮದ್ದು. ಗಿಡವೇನೂ ನಮ್ಮ ಹೊಟ್ಟೆಗಾಗಿ ಅದನ್ನು ಸುರಿಸುವುದಿಲ್ಲ. ಕಾಯಿಕೊರಕ ಕೀಡಿಯ ಮರಿಗಳು ಬೆಳೆಯದಂತೆ ತಡೆಯುವುದು ಈ ಹುಳಿಯಲ್ಲಿರುವ ಆಕ್ಸಾಲಿಕ್ ಆಮ್ಲ ಎಂದು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು 1995ರಲ್ಲಿ ತೋರಿಸಿದರು.

ಕುಡಿ ಮುರಿದ ಆ ಚಣದಲ್ಲಿ ಗಿಡದೊಳಕ್ಕೆ ಎರಡು ಸುದ್ದಿ ಹೊರಡುತ್ತವೆ. ಒಂದು: ತಲೆ ಹೋಯಿತು. ಇನ್ನೊಂದು: ಗಾಯವಾಯಿತು. ಮೊದಲನೆಯದು ಬೆಳವಣಿಗೆಯ ಸುದ್ದಿ, ಎರಡನೆಯದು ಕಾವಲಿನ ಸುದ್ದಿ. ಎರಡನ್ನೂ ಹೊತ್ತೊಯ್ಯುವುದು ಹಾರ್ಮೋನುಗಳೇ. ಆದರೆ ಗಿಡಕ್ಕೆ ಮಿದುಳಿಲ್ಲ. ಎರಡು ಸುದ್ದಿ ಒಟ್ಟಿಗೆ ಬಂದರೆ ಯಾವುದಕ್ಕೆ ಕಿವಿಗೊಡಬೇಕು ಎಂದು ತೀರ್ಮಾನಿಸುವವರು ಯಾರು?

ತಲೆ ಹೋದ ಸುದ್ದಿ

ಗಿಡದ ತುದಿಯ ಕುಡಿ ಸದಾ ಆಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸಿ ಕೆಳಗೆ ಇಳಿಸುತ್ತಿರುತ್ತದೆ. ಅದು ಇಳಿಯುತ್ತಿರುವ ತನಕ ಎಲೆಕಂಕುಳಲ್ಲಿ ಕುಳಿತ ಪಕ್ಕದ ಮೊಗ್ಗುಗಳು ಏಳುವುದಿಲ್ಲ. ಥೀಮನ್ ಮತ್ತು ಸ್ಕೂಗ್ ಎಂಬ ಇಬ್ಬರು 1930ರ ದಶಕದ ಆರಂಭದಲ್ಲಿ ಅವರೆಯ ಬಳಗದ ಒಂದು ಗಿಡದ ತಲೆ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಸವರಿ ನೋಡಿದರು. ತಲೆ ಇಲ್ಲದಿದ್ದರೂ ಪಕ್ಕದ ಮೊಗ್ಗುಗಳು ಸುಮ್ಮನೇ ಇದ್ದವು, ಹಿರಿಯ ಇನ್ನೂ ಮನೆಯಲ್ಲೇ ಇದ್ದಾನೆ ಎಂಬಂತೆ. ಪಠ್ಯಪುಸ್ತಕಗಳಲ್ಲಿ ಕತೆ ಇಲ್ಲಿಗೆ ಮುಗಿಯುತ್ತದೆ.

ಅಸಲಿಗೆ ಅದು ಅಷ್ಟು ಸರಳವಲ್ಲ. ಆಕ್ಸಿನ್ ಪಕ್ಕದ ಮೊಗ್ಗಿನೊಳಕ್ಕೆ ಹೋಗಿ ಅದನ್ನು ಅದುಮುವುದಿಲ್ಲ. ಕಾಂಡದಲ್ಲಿ ಇಳಿಯುತ್ತಲೇ ಸೈಟೊಕೈನಿನ್ ಎಂಬ ಎಬ್ಬಿಸುವ ಹಾರ್ಮೋನನ್ನು ತಗ್ಗಿಸಿ, ಸ್ಟ್ರೈಗೊಲ್ಯಾಕ್ಟೋನ್ ಎಂಬ ಮಲಗಿಸುವ ಹಾರ್ಮೋನನ್ನು ಹೆಚ್ಚಿಸುತ್ತದೆ. 2014ರಲ್ಲಿ ಬಟಾಣಿ ಗಿಡದ ಮೇಲೆ ನಡೆದ ಕೆಲಸ ಇನ್ನೊಂದು ತಿರುವು ಕೊಟ್ಟಿತು. ತಲೆ ಕತ್ತರಿಸಿದಾಗ ಕೆಳಗಿನ ಮೊಗ್ಗು ಏಳುವುದು ಆಕ್ಸಿನ್ ಕಡಿಮೆಯಾದ ಸುದ್ದಿ ಅಲ್ಲಿಗೆ ತಲುಪುವುದಕ್ಕೂ ಮೊದಲೇ. ತುದಿಗೆ ಹೋಗುತ್ತಿದ್ದ ಸಕ್ಕರೆ ಈಗ ಹೋಗಲು ಜಾಗವಿಲ್ಲದೆ ಕೆಳಗೇ ಉಳಿಯಿತು; ಮೊಗ್ಗನ್ನು ಮೊದಲು ಎಬ್ಬಿಸಿದ್ದು ಆ ಸಕ್ಕರೆ. ಊಟ ಮೊದಲು ಬಂತು, ಅಪ್ಪಣೆ ಆಮೇಲೆ ಬಂತು.

ಸ್ಟ್ರೈಗೊಲ್ಯಾಕ್ಟೋನ್ ಬಗ್ಗೆ ಒಂದು ಅಡ್ಡಮಾತು. ಬೇರು ಇದನ್ನು ಮಣ್ಣಿಗೂ ಬಿಡುತ್ತದೆ, ರಂಜಕ ತಂದುಕೊಡುವ ಸ್ನೇಹಿತ ಶಿಲೀಂಧ್ರಗಳನ್ನು ಕರೆಯುವುದಕ್ಕೆ. ಈ ಕೂಗನ್ನು ಜೋಳದ ಬೇರಿಗೆ ಅಂಟಿಕೊಂಡು ರಸ ಹೀರುವ ಸ್ಟ್ರೈಗಾ ಕಳೆಯ ಬೀಜವೂ ಕೇಳಿಸಿಕೊಂಡು ಮೊಳೆಯುತ್ತದೆ. ಹಾರ್ಮೋನಿಗೆ ಹೆಸರು ಬಂದದ್ದೇ ಆ ಕಳ್ಳನಿಂದ.

ಗಾಯದ ಸುದ್ದಿ

ಎರಡನೆಯ ಸುದ್ದಿಯ ವೇಗ ಬೇರೆ. ಕೀಡಿ ಎಲೆ ಕಡಿದರೆ, ಕಡಿದ ಜಾಗದಿಂದ ಕ್ಯಾಲ್ಸಿಯಂ ಅಲೆಯೊಂದು ಎಲೆಯ ನರದ ಗುಂಟ ಸೆಕೆಂಡಿಗೆ ಸುಮಾರು 1 ಮಿ.ಮೀ. ವೇಗದಲ್ಲಿ ಓಡುತ್ತದೆ. ಜಪಾನಿನ ಟೊಯೊಟಾ ಮತ್ತು ಅಮೆರಿಕದ ಗಿಲ್‌ರಾಯ್ 2018ರಲ್ಲಿ ಈ ಅಲೆಯನ್ನು ಹೊಳೆಯುವಂತೆ ಮಾಡಿ ಚಿತ್ರೀಕರಿಸಿದರು. ಅಲೆ ಮುಟ್ಟಿದ ದೂರದ ಎಲೆಗಳಲ್ಲಿ, ಪತ್ರಹರಿತ್ತು ತುಂಬಿದ ಕಣಗಳ ಪೊರೆಯ ಕೊಬ್ಬಿನಾಮ್ಲದಿಂದ ಕೆಲವೇ ನಿಮಿಷಗಳಲ್ಲಿ ಜಾಸ್ಮೊನಿಕ್ ಆಮ್ಲ ತಯಾರಾಗುತ್ತದೆ. ಒಂದು ಎಲೆಯನ್ನು ಕೀಡಿ ತಿನ್ನುತ್ತಿದ್ದರೆ ಉಳಿದ ಎಲೆಗಳು ಕಹಿಯಾಗುವುದು, ಅರಗದಂತಾಗುವುದು ಇದರಿಂದ.

ಹೆಸರಿನಲ್ಲೇ ಇದೆ, ಜಾಸ್ಮಿನ್. ಇದರ ಹತ್ತಿರದ ನೆಂಟ ಮೀಥೈಲ್ ಜಾಸ್ಮೊನೇಟನ್ನು ಮೊದಲು ಗುರುತಿಸಿದ್ದು 1962ರಲ್ಲಿ, ಜಾಜಿ ಹೂವಿನ ಎಣ್ಣೆಯಲ್ಲಿ; ಸುಗಂಧದ ಸಾಮಾನು ಎಂದೇ. ಹೊಳೆಯಾಚೆಯ ಹಡಗಲಿ ಮಲ್ಲಿಗೆ ಕೊಪ್ಪಳದ ಸಂತೆಗೆ ಬಂದಾಗ ಬುಟ್ಟಿಯ ಸುತ್ತ ಹರಡುವ ಪರಿಮಳದ ಬಳಗದಲ್ಲೇ ಟೊಮ್ಯಾಟೊ ಗಿಡದ ಯುದ್ಧದ ಕಹಳೆಯೂ ಇದೆ ಎಂದು ಗೊತ್ತಾಗಲು ಇನ್ನೂ ಮೂರು ದಶಕ ಬೇಕಾಯಿತು. 1990ರಲ್ಲಿ ಫಾರ್ಮರ್ ಮತ್ತು ರಯಾನ್ ಎಂಬ ಇಬ್ಬರು ಟೊಮ್ಯಾಟೊ ಸಸಿಯನ್ನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಈ ಆವಿಯ ಜೊತೆಗಿಟ್ಟರು. ಗಾಯವೇ ಆಗದ ಗಿಡ, ಹುಳುವಿನ ಹೊಟ್ಟೆಯಲ್ಲಿ ಜೀರ್ಣ ಕೆಡಿಸುವ ಪ್ರೋಟೀನುಗಳನ್ನು ತಯಾರಿಸಿಕೊಂಡಿತು. ಪಕ್ಕದಲ್ಲಿ ಈ ಆವಿ ಬಿಡುವ ಮರುಭೂಮಿಯ ಪೊದೆಯೊಂದನ್ನು ಇಟ್ಟಾಗಲೂ ಹಾಗೆಯೇ ಆಯಿತು.

ಜಾಸ್ಮೊನೇಟ್ ಎಲೆ ಕಡಿಯುವ ಹುಳುವಿಗೆ, ಗಿಡವನ್ನು ಕೊಂದು ತಿನ್ನುವ ಶಿಲೀಂಧ್ರಗಳಿಗೆ. ಜೀವಂತ ಜೀವಕೋಶದಲ್ಲೇ ಒಕ್ಕಲಾಗಿ ಕೂರುವ ರೋಗಾಣುಗಳಿಗೆ ಬೇರೊಬ್ಬ ಕಾವಲುಗಾರ: ಸ್ಯಾಲಿಸಿಲಿಕ್ ಆಮ್ಲ, ನಾವು ತಲೆನೋವಿಗೆ ನುಂಗುವ ಆಸ್ಪಿರಿನ್ನಿನ ಮೂಲ. 1979ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ರೇಮಂಡ್ ವೈಟ್ ತಂಬಾಕಿನ ಗಿಡಕ್ಕೆ ಆಸ್ಪಿರಿನ್ ಚುಚ್ಚಿ ನೋಡಿದರು. ನಂಜಾಣು ತಗುಲಿಸಿದರೂ ಎಲೆಯಲ್ಲಿ ಗಾಯದ ಚುಕ್ಕೆಗಳು ತೀರ ಕಡಿಮೆ ಬಂದವು. ಹಾಗಾದರೆ ಗಿಡಕ್ಕೆ ಆಸ್ಪಿರಿನ್ ಒಳ್ಳೆಯದು ಅನ್ನುವಷ್ಟರಲ್ಲಿ 1988ರ ಇನ್ನೊಂದು ಪ್ರಯೋಗ ಬಂತು. ಟೊಮ್ಯಾಟೊಗೆ ಆಸ್ಪಿರಿನ್ ಕೊಟ್ಟು ಎಲೆಗೆ ಗಾಯ ಮಾಡಿದರೆ ಗಾಯಕ್ಕೆ ಬರಬೇಕಾದ ಉತ್ತರವೇ ಬರಲಿಲ್ಲ. ಒಬ್ಬ ಕಾವಲುಗಾರ ಎದ್ದರೆ ಇನ್ನೊಬ್ಬ ಕೂರುತ್ತಾನೆ. ಅನೇಕ ಗಿಡಗಳಲ್ಲಿ ಇವರಿಬ್ಬರ ಸಂಬಂಧ ಹೀಗೆಯೇ.

ಈ ಜಗಳದ ಲಾಭ ಪಡೆಯುವವರೂ ಇದ್ದಾರೆ. ಸ್ಯೂಡೊಮೊನಾಸ್ ಬಳಗದ ಒಂದು ಬ್ಯಾಕ್ಟೀರಿಯಾ ಕೊರೊನಾಟಿನ್ ಎಂಬ ವಸ್ತುವನ್ನು ಹೊಸೆಯುತ್ತದೆ. ಅದು ಜಾಸ್ಮೊನೇಟಿನ ನಕಲಿ ಕೀಲಿಕೈ. ಗಿಡ "ಓಹೋ, ಕೀಡಿ ಬಂದಿದೆ" ಎಂದು ಆ ಕಡೆ ಓಡುತ್ತದೆ, ಸ್ಯಾಲಿಸಿಲಿಕ್ ಕಾವಲು ಸಡಿಲವಾಗುತ್ತದೆ, ಮುಚ್ಚಿಕೊಂಡಿದ್ದ ಪತ್ರರಂಧ್ರಗಳು ಮತ್ತೆ ತೆರೆಯುತ್ತವೆ, ಬ್ಯಾಕ್ಟೀರಿಯಾ ಒಳಗೆ ಬರುತ್ತದೆ. ಹಿತ್ತಿಲಲ್ಲಿ ಪಟಾಕಿ ಹಚ್ಚಿ ಮುಂಬಾಗಿಲಿಂದ ನುಗ್ಗುವ ಕಳ್ಳನ ಬುದ್ಧಿ.

ಗಂಗಾವತಿಯ ಸೊಕ್ಕು

ಈಗ ಎರೆ ಬಿಟ್ಟು ನೀರಿನ ಕಡೆ ಬರೋಣ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿಯ ನೆಲವನ್ನು ಭತ್ತದ ಕಣಜ ಮಾಡಿತು. ಇಲ್ಲಿಯವರು ನಾಟಿ ಅನ್ನುವುದು ಕಡಿಮೆ, ನೆಲ್ಲು ಹಚ್ಚುವುದು ಅನ್ನುತ್ತಾರೆ. ಹಚ್ಚುವ ತಳಿಗಳಲ್ಲಿ ದೊಡ್ಡ ಪಾಲು ಆಂಧ್ರದ ಬಾಪಟ್ಲದಲ್ಲಿ ಹುಟ್ಟಿದ ಬಿಪಿಟಿ 5204. ಅದರ ವಂಶಾವಳಿಯಲ್ಲಿ ತೈವಾನಿನ ಗಿಡ್ಡ ತಳಿ ಟಿಎನ್-1 ಇದೆ. ಆ ಗಿಡ್ಡತನ ಬಂದದ್ದು ಜಿಬ್ಬರೆಲಿನ್ ಎಂಬ ಹಾರ್ಮೋನಿನ ತಯಾರಿಯ ಒಂದು ಹಂತದಲ್ಲಿ ಕೈಕೊಟ್ಟ ಜೀನಿನಿಂದ. ಹಸಿರು ಕ್ರಾಂತಿಯ ಭತ್ತವನ್ನು ಗಿಡ್ಡ ಮಾಡಿದ ಈ ಜೀನಿನ ಗುಟ್ಟು ಬಯಲಾದದ್ದು 2002ರಲ್ಲಿ, ಐಆರ್-8 ತಳಿ ಬಂದು ಮೂವತ್ತಾರು ವರ್ಷವಾದ ಮೇಲೆ. ರೈತರು ಹೊಲದಲ್ಲಿ ಹಾರ್ಮೋನು ಬೆಳೆಯುತ್ತಿದ್ದರು, ಯಾರಿಗೂ ಗೊತ್ತಿರಲಿಲ್ಲ.

ಜಿಬ್ಬರೆಲಿನ್ ಪತ್ತೆಯಾದ ಕತೆಯೂ ಭತ್ತದ್ದೇ. ಜಪಾನಿನಲ್ಲಿ ಒಂದು ರೋಗ ಬಂದರೆ ಪೈರು ಮಿಕ್ಕವಕ್ಕಿಂತ ಎತ್ತರವಾಗಿ, ತೆಳ್ಳಗೆ, ಬಿಳಿಚಿಕೊಂಡು ಬೆಳೆದು ಕಡೆಗೆ ಒರಗಿ ಸಾಯುತ್ತಿತ್ತು. ಅದನ್ನು ಪೆದ್ದ ಸಸಿ ಎಂಬ ಅರ್ಥ ಬರುವ ಬಕಾನೆ ಎಂಬ ಹೆಸರಿಂದ ಕರೆಯುತ್ತಿದ್ದರು. ಅದಕ್ಕೆ ಕಾರಣವಾದ ಶಿಲೀಂಧ್ರ ಬಿಡುವ ರಸವೊಂದೇ ಸಾಕು, ಆರೋಗ್ಯವಂತ ಸಸಿಯೂ ಹಾಗೆಯೇ ಬೆಳೆಯುತ್ತದೆ ಎಂದು 1926ರಲ್ಲಿ ತೈವಾನಿನಲ್ಲಿ ಕುರೊಸಾವ ತೋರಿಸಿದರು. 1935ರಲ್ಲಿ ಯಾಬುತ ಆ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಕಡಲೆ ಹೊಲದ ಅವ್ವ ಹೇಳಿದ ಸೊಕ್ಕು ಇದೇ. ಇಲ್ಲಿ ಅದನ್ನು ಶತ್ರುವೇ ಕುಡಿಸುತ್ತಾನೆ.

ಸೊಕ್ಕಿಗೂ ರೋಗಕ್ಕೂ ಏನು ಸಂಬಂಧ? ಈ ಅಧ್ಯಾಯದ ತಿರುಳು ಇಲ್ಲಿದೆ, ಹಾಗಾಗಿ ತುಸು ನಿಧಾನಿಸೋಣ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ 33 ಗೇಟುಗಳು ಹೊತ್ತಿದ್ದ ಕೆಲಸ ಏನೆಂದು ಸುತ್ತಲ ತಾಲ್ಲೂಕುಗಳಿಗೆಲ್ಲ ಒಮ್ಮೆಗೇ ತಿಳಿಯಿತು: ನೀರು ಹರಿಸುವುದಕ್ಕಿಂತ ಹೆಚ್ಚಾಗಿ ನೀರು ತಡೆದು ನಿಲ್ಲಿಸುವುದು. ಗಿಡದೊಳಗೂ ಹಾಗೆಯೇ. ಭತ್ತದ ಜೀವಕೋಶದಲ್ಲಿ ಎಸ್ಎಲ್ಆರ್-1 ಎಂಬ ಪ್ರೋಟೀನು ಬೆಳವಣಿಗೆಗೆ ಅಡ್ಡ ನಿಂತ ಗೇಟು. ಇದು ಡೆಲ್ಲಾ ಎಂಬ ಕುಲಕ್ಕೆ ಸೇರಿದ್ದು. ಜಿಬ್ಬರೆಲಿನ್ ಬಂದು ಬೆಳವಣಿಗೆಯನ್ನು ತಳ್ಳುವುದಿಲ್ಲ. ಜೀವಕೋಶದ ಒಂದು ಗ್ರಾಹಕ ಪ್ರೋಟೀನಿಗೆ ಕೂಡಿಕೊಂಡು ಈ ಗೇಟನ್ನು ಮುರಿಸುತ್ತದೆ. ಆ ಗ್ರಾಹಕವನ್ನು 2005ರಲ್ಲಿ ಮೊದಲು ಕಂಡದ್ದೂ ಭತ್ತದಲ್ಲೇ, ಜಪಾನಿನ ನಗೋಯಾದಲ್ಲಿ. ಗೇಟೇ ಇಲ್ಲದ ಭತ್ತದ ರೂಪಾಂತರಿ ಕೊಚ್ಚಿಹೋದ 19ನೇ ಗೇಟಿನಂತೆ: ಗಿಡ ಸೊರಗಿ ಉದ್ದುದ್ದ ಬೆಳೆಯುತ್ತದೆ, ಕಾಳು ಕಟ್ಟುವುದಿಲ್ಲ.

ಜಾಸ್ಮೊನೇಟಿನ ಕಡೆಗೂ ಇಂಥದೇ ಗೇಟು ಇದೆ. ಹೆಸರು ಜಾಝ್, ಪತ್ತೆಯಾದದ್ದು 2007ರಲ್ಲಿ. ಅದು ರಕ್ಷಣೆಗೆ ಅಡ್ಡ ನಿಂತಿರುತ್ತದೆ. ಕೀಡಿ ಕಡಿದಾಗ ಜಾಸ್ಮೊನೇಟ್ ಬಂದು ಅದನ್ನು ಮುರಿಸುತ್ತದೆ, ರಕ್ಷಣೆಯ ಜೀನುಗಳು ಎಚ್ಚರಗೊಳ್ಳುತ್ತವೆ.

ಈಗ ಸ್ವಾರಸ್ಯ ನೋಡಿ. ಬೆಳವಣಿಗೆಯ ಗೇಟು ಮತ್ತು ರಕ್ಷಣೆಯ ಗೇಟು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಡೆಲ್ಲಾ ಜಾಝ್‌ಗೆ ಅಂಟಿಕೊಂಡರೆ ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಪೂರ್ತಿ ಸಿಗುವುದಿಲ್ಲ. ಕೀಡಿ ಬಂದು ಜಾಝ್ ಮುರಿದುಬಿದ್ದರೆ ಡೆಲ್ಲಾದ ಕೈ ಬಿಡುವಾಗುತ್ತದೆ, ಅದು ಹೋಗಿ ಬೆಳವಣಿಗೆಯನ್ನು ಬಿಗಿಯಾಗಿ ತಡೆಯುತ್ತದೆ. ಜಿಬ್ಬರೆಲಿನ್ ಹೆಚ್ಚಾಗಿ ಡೆಲ್ಲಾ ಮುರಿದುಬಿದ್ದರೆ ಜಾಝ್‌ನ ಕೈ ಬಿಡುವಾಗುತ್ತದೆ, ಅದು ಹೋಗಿ ರಕ್ಷಣೆಯನ್ನು ಅದುಮುತ್ತದೆ. ಅಷ್ಟೇ. ಮಿದುಳು ಬೇಕಿಲ್ಲ, ಲೆಕ್ಕ ಬರೆಯುವ ಶಾನುಭೋಗರೂ ಬೇಕಿಲ್ಲ. 2012ರಲ್ಲಿ ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು ಜಾಸ್ಮೊನೇಟನ್ನು ಕೇಳಿಸಿಕೊಳ್ಳುವ ಕಿವಿಯನ್ನೇ ಮಂದ ಮಾಡಿದ ಭತ್ತವನ್ನು ಬೆಳೆಸಿದರು. ಅದು ಪಕ್ಕದ ಭತ್ತಕ್ಕಿಂತ ಎತ್ತರ ಬೆಳೆಯಿತು. ಅಂದರೆ ನಮ್ಮ ಗದ್ದೆಯ ಸಾಧಾರಣ ಭತ್ತ, ಬರದಿರುವ ಹುಳುವಿಗಾಗಿಯೂ ತನ್ನ ಎತ್ತರದ ಒಂದಷ್ಟನ್ನು ದಿನವೂ ಕಟ್ಟುತ್ತಿದೆ.

ಇದಕ್ಕೂ ಮೊದಲು, 2008ರಲ್ಲಿ, ಜಿಬ್ಬರೆಲಿನ್ ಮಿತಿಮೀರಿ ಶೇಖರವಾಗುವ ಒಂದು ಭತ್ತದ ರೂಪಾಂತರಿಯನ್ನು ಪರೀಕ್ಷಿಸಿದ್ದರು. ಎತ್ತರದ ಆ ಗಿಡಕ್ಕೆ ಬೆಂಕಿ ರೋಗವೂ ದುಂಡಾಣು ಎಲೆ ಅಂಗಮಾರಿಯೂ ಜಾಸ್ತಿ ಬಡಿದವು. ಆ ಗಿಡದಲ್ಲಿ ಕೆಟ್ಟಿದ್ದ, ಜಿಬ್ಬರೆಲಿನ್ನನ್ನು ಕರಗಿಸುವ ಜೀನನ್ನು ಹೆಚ್ಚು ದುಡಿಸಿದಾಗ ಗಿಡ ಗಿಡ್ಡವಾಯಿತು, ಎರಡೂ ರೋಗ ತಗ್ಗಿದವು. ಸೊಕ್ಕಿದ್ದಕ್ಕೆ ರೋಗ ಬೇಗ ಎಂದು ಗಂಗಾವತಿಯ ಯಾವ ಕಟ್ಟೆಯಲ್ಲಿ ಕೂತರೂ ಕೇಳಿಸುತ್ತದೆ. ಅಲ್ಲಿ ಜನ ಆಡಿಕೊಳ್ಳುವುದು ಯೂರಿಯಾ ಸುರಿದು ಕಡುಹಸಿರಾದ ಗದ್ದೆಯನ್ನು. ಸಾರಜನಕದ ದಾರಿ ಬೇರೆಯಾದರೂ ಗಾದೆ ಸುಳ್ಳಲ್ಲ.

ಗದ್ದೆಗೆ ಬರುವ ಶತ್ರುಗಳು ಎಲ್ಲರೂ ಒಂದೇ ಜಾತಿಯಲ್ಲ ಎಂಬುದು ಭತ್ತದ ದೊಡ್ಡ ಫಜೀತಿ. ಕಾಂಡಕೊರಕ ಕಡಿದು ತಿನ್ನುತ್ತದೆ. ಕಂದು ಜಿಗಿಹುಳು ಬುಡದಲ್ಲಿ ಕೂತು ಸೊಂಡಿಲು ಚುಚ್ಚಿ ರಸ ಹೀರುತ್ತದೆ. ಹದಿನೈದು ದಿನದಲ್ಲಿ ಗದ್ದೆಯ ನಡುವೆ ಬೆಂಕಿ ಬಿದ್ದಂತೆ ದುಂಡಗೆ ಸುಟ್ಟ ಮಚ್ಚೆ. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದವರು ಜಾಸ್ಮೊನೇಟ್ ತಯಾರಿಯ ಒಂದು ಜೀನನ್ನು ತಗ್ಗಿಸಿದ ಭತ್ತದ ಮೇಲೆ ಎರಡನ್ನೂ ಬಿಟ್ಟು ನೋಡಿ 2009ರಲ್ಲಿ ಬರೆದರು. ಅಲ್ಲಿಯ ಪಟ್ಟೆ ಕಾಂಡಕೊರಕಕ್ಕೆ ಹಬ್ಬವಾಯಿತು. ಜಿಗಿಹುಳುವಿಗೆ ಮಾತ್ರ ಅದೇ ಗಿಡ ಸೇರಲಿಲ್ಲ, ಏಕೆಂದರೆ ಜಾಸ್ಮೊನೇಟ್ ಇಳಿದ ಕೂಡಲೇ ಸ್ಯಾಲಿಸಿಲಿಕ್ ಕಾವಲು ಎದ್ದಿತ್ತು. ಬೇರೆ ತಳಿ, ಬೇರೆ ಜೀನುಗಳ ಮೇಲೆ ಆಮೇಲೆ ನಡೆದ ಕೆಲಸಗಳಲ್ಲಿ ಜಾಸ್ಮೊನೇಟ್ ಜಿಗಿಹುಳುವನ್ನು ತಡೆದದ್ದೂ ಉಂಟು. ಹಾಗಾಗಿ ಯಾವ ಹಾರ್ಮೋನು ಯಾವ ಹುಳುವಿಗೆ ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳುವ ಹಾಗಿಲ್ಲ. ನನ್ನನ್ನು ಕೇಳಿದರೆ, ಶಾಲೆಯ ಪುಸ್ತಕಗಳಲ್ಲಿರುವ "ಆಕ್ಸಿನ್: ಬೆಳವಣಿಗೆ, ಎಥಿಲೀನ್: ಮಾಗಿಸುವುದು" ಎಂಬ ಕೋಷ್ಟಕವೇ ಮಕ್ಕಳ ದಾರಿ ತಪ್ಪಿಸುತ್ತಿದೆ. ಹಾರ್ಮೋನಿನ ಕೆಲಸ ಅದು ಯಾರ ಜೊತೆಗಿದೆ ಎಂಬುದರ ಮೇಲೆ ನಿಂತಿದೆ.

ಎಲೆ ಉದುರಿಸಿ ಹಣ್ಣು ಪಡೆಯುವವರು

ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಬೆಳೆಗಾರರಿಗೆ ಹಾರ್ಮೋನು ಹೊಸದಲ್ಲ. ಕೈಯಲ್ಲಿ ಹಿಡಿದು ಸಿಂಪಡಿಸಿದವರು. ಹಣ್ಣು ಕೊಯ್ದ ಮೇಲೆ ಗಿಡಕ್ಕೆ ಮೂರು ನಾಲ್ಕು ತಿಂಗಳ ವಿಶ್ರಾಂತಿ. ಆಮೇಲೆ ನೀರು ನಿಲ್ಲಿಸಿ, ಚಾಟನಿ ಮಾಡಿ, ಎಥ್ರೆಲ್ ಹೊಡೆಯುತ್ತಾರೆ. ಲೀಟರಿಗೆ 2ರಿಂದ 2.5 ಮಿ.ಲೀ., ಜೊತೆಗೆ ತುಸು ಡಿಎಪಿ. ಎಥ್ರೆಲ್ ಗಿಡದೊಳಗೆ ಒಡೆದು ಎಥಿಲೀನ್ ಅನಿಲವಾಗುತ್ತದೆ, ಹುಲ್ಲಿನಲ್ಲಿ ಅಡಿ ಹಾಕಿದ ಮಾವನ್ನು ಹಣ್ಣು ಮಾಡುವ ಅದೇ ಅನಿಲ. ವಾರದ ಮೇಲೆ ಕೆಲವೇ ದಿನದಲ್ಲಿ ತೋಟ ಬೋಳು. ಆಮೇಲೆ ನೀರು ಬಿಟ್ಟರೆ ಹೂವು ಒಟ್ಟಿಗೆ ಏಳುತ್ತದೆ. ಇದೇ ಬಹಾರ್ ಹಿಡಿಯುವುದು.

ಎಲೆ ಉದುರುವುದೂ ಒಂದು ಹಗ್ಗಜಗ್ಗಾಟ. ಎಲೆಯಿಂದ ಆಕ್ಸಿನ್ ಇಳಿಯುತ್ತಿರುವ ತನಕ ತೊಟ್ಟಿನ ಬುಡದ ಜೀವಕೋಶಗಳು ಎಥಿಲೀನಿಗೆ ಕಿವುಡು. ಎಲೆ ಮುದಿಯಾಗಿ ಆಕ್ಸಿನ್ ತಗ್ಗಿದರೆ ಎಥಿಲೀನಿನ ಮಾತು ಕೇಳಿಸುತ್ತದೆ, ತೊಟ್ಟು ಕಳಚುತ್ತದೆ. ಹೂವು ಉದುರದಿರಲಿ ಎಂದು ಮೆಣಸಿನಕಾಯಿಗೆ ಪ್ಲಾನೋಫಿಕ್ಸ್ ಹೊಡೆಯುವವರು ಕೊಡುತ್ತಿರುವುದು ಕೃತಕ ಆಕ್ಸಿನ್. ಒಬ್ಬ ರೈತ ಉದುರಿಸಲು ಒಂದನ್ನು, ಉಳಿಸಲು ಇನ್ನೊಂದನ್ನು ಒಂದೇ ಪಂಪಿನಲ್ಲಿ ಹಾಕುತ್ತಾನೆ. ಪಂಪು ತೊಳೆಯದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇದೇ ತೋಟಗಳನ್ನು ಮುಗಿಸಿದ್ದು ದುಂಡಾಣು ಅಂಗಮಾರಿ. ಭಾರತದಲ್ಲಿ ಇದು ಮೊದಲು 1952ರಲ್ಲಿ ದೆಹಲಿಯಲ್ಲಿ ಕಂಡಿತ್ತು. ಅರ್ಧ ಶತಮಾನದ ನಂತರ ಕೊಪ್ಪಳ, ಬಾಗಲಕೋಟೆ, ವಿಜಯಪುರದ ತೋಟಗಳಿಗೆ ನುಗ್ಗಿದಾಗ ಎಷ್ಟೋ ಮಂದಿ ಗಿಡಗಳನ್ನು ಬುಡಸಮೇತ ಕಿತ್ತು ಬೆಂಕಿಗೆ ಹಾಕಿದರು. ಕೆಂಪು ತಿರುಗುತ್ತಿರುವ ಹಣ್ಣಿನ ಮೇಲೆ ಎಣ್ಣೆ ತಾಗಿದಂಥ ಕಪ್ಪು ಚುಕ್ಕೆ. ನಾಲ್ಕು ದಿನ ಬಿಟ್ಟು ನೋಡಿದರೆ ಚುಕ್ಕೆಯ ನಡುವಿನಿಂದ ಸಿಪ್ಪೆ ಸೀಳಿರುತ್ತದೆ. ರೋಗಾಣು ಪತ್ರರಂಧ್ರದಿಂದಲೂ ಚಾಟನಿಯ ಗಾಯದಿಂದಲೂ ಒಳಗೆ ಹೋಗುತ್ತದೆ. ಬೋರ್ಡೊ ದ್ರಾವಣ, ಗಿಡಕ್ಕೆ ವಿಶ್ರಾಂತಿ, ಮಳೆಗಾಲ ತಪ್ಪಿಸಿ ಹಸ್ತ ಬಹಾರ್ ಹಿಡಿಯುವುದು ಇವುಗಳ ಜೊತೆಗೆ ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದ ಸಲಹೆಗಳಲ್ಲಿ ಸ್ಯಾಲಿಸಿಲಿಕ್ ಆಮ್ಲದ ಸಿಂಪಡಣೆಯೂ ಇದೆ. ತಂಬಾಕಿಗೆ ಚುಚ್ಚಿದ ಆಸ್ಪಿರಿನ್ನಿನ ಮೊಮ್ಮಗ ಕುಷ್ಟಗಿಯ ಡ್ರಮ್ಮಿನಲ್ಲಿ.

ಬೇಸಿಗೆಯಲ್ಲಿ ಅದು ಎಷ್ಟು ಕೆಲಸ ಮಾಡೀತು ಎಂಬ ಪ್ರಶ್ನೆ ನನಗಿದೆ. ಸಾಸಿವೆಯ ಬಳಗದ ಪುಟ್ಟ ಪ್ರಯೋಗದ ಗಿಡವೊಂದರಲ್ಲಿ, ತಾಪ 28 ಡಿಗ್ರಿ ಮುಟ್ಟಿದರೆ ಸ್ಯಾಲಿಸಿಲಿಕ್ ಆಮ್ಲದ ಸ್ವಂತ ತಯಾರಿ ಕುಸಿಯುತ್ತದೆ ಎಂದು ಅಮೆರಿಕದ ಒಂದು ತಂಡ 2022ರಲ್ಲಿ ಅದರ ಕಾರಣ ಸಮೇತ ವಿವರಿಸಿತು. ಕೊಪ್ಪಳದಲ್ಲಿ 28 ಡಿಗ್ರಿ ಅಂದರೆ ತಂಪು.

ನೀರಿಲ್ಲದ ಕಡೆಯ ಲೆಕ್ಕ

ಕುಷ್ಟಗಿಯ ಹಿಂಗಾರು ಜೋಳ ಕಾಳು ಕಟ್ಟುವ ಹೊತ್ತಿಗೆ ನೆಲದ ಪಸೆ ಆರಿರುತ್ತದೆ. ಆಗ ಅಬ್ಸಿಸಿಕ್ ಆಮ್ಲ ಮುಂದೆ ಬರುತ್ತದೆ. ಪತ್ರರಂಧ್ರ ಮುಚ್ಚು, ನೀರು ಉಳಿಸು ಎಂಬುದು ಅದರ ಅಪ್ಪಣೆ. (ಎಲೆ ಕಾಯಿ ಕಳಚುವುದಕ್ಕೆ ಇದೇ ಕಾರಣ ಎಂದು ತಿಳಿದು, ಹತ್ತಿಯ ಕಾಯಿಯಲ್ಲಿ ಕಂಡುಹಿಡಿದು, ಕಳಚುವ ಅರ್ಥ ಬರುವ ಹೆಸರಿಟ್ಟರು. ಕಳಚಿಸುವ ಕೆಲಸ ಹೆಚ್ಚಾಗಿ ಎಥಿಲೀನಿನದು ಎಂದು ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು.) ಬಾಯಾರಿದ ಗಿಡಕ್ಕೆ ಕಾವಲು ಎರಡನೆಯ ಮಾತು. ಭತ್ತಕ್ಕೆ ಅಬ್ಸಿಸಿಕ್ ಆಮ್ಲ ಕೊಟ್ಟು ನೋಡಿದಾಗ ಸ್ಯಾಲಿಸಿಲಿಕ್ ದಾರಿ ಮಂಕಾಗಿ ಬೆಂಕಿ ರೋಗ ಹೆಚ್ಚಾಯಿತು.

ಜೋಳದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ತೆನೆ ತುಂಬುವಾಗ ಬರ ಬಿದ್ದರೆ ಬುಡದ ಗೆಣ್ಣು ಮೆತ್ತಗಾಗಿ ಗಿಡ ಮಕಾಡೆ ಮಲಗುತ್ತದೆ. ದಂಟನ್ನು ಸೀಳಿದರೆ ಒಳಗೆ ತಿರುಳು ಉಳಿದಿರುವುದಿಲ್ಲ. ನಾರುನಾರಿನ ಮೇಲೆ ಇದ್ದಿಲ ಪುಡಿ ಎರಚಿದಂತೆ ಕರಿ ಕಾಳು. ಆ ಕರಿ ಕಾಳಿನ ಶಿಲೀಂಧ್ರ ನೆಲದಲ್ಲಿ ಮೊದಲಿನಿಂದಲೂ ಇತ್ತು. ನೀರಿದ್ದ ವರ್ಷ ಅದೇ ಹೊಲದಲ್ಲಿ ಅದರ ಆಟ ನಡೆಯುವುದಿಲ್ಲ. ಬರದಲ್ಲೂ ಎಲೆ ಹಸಿರಾಗಿ ಉಳಿಯುವ ಜೋಳದ ತಳಿಗಳಿಗೆ ಈ ಕಾಟ ಕಡಿಮೆ. ಎಲೆಯ ಮುಪ್ಪನ್ನು ಮುಂದೂಡುವುದು ಸೈಟೊಕೈನಿನ್, ಕಡಲೆಯ ಪಕ್ಕದ ಮೊಗ್ಗನ್ನು ಎಬ್ಬಿಸಿದ ಅದೇ ಹಾರ್ಮೋನು.

ಬೆಳೆಯಬೇಕೋ ಕಾಯಬೇಕೋ, ಗಿಡಕ್ಕೆ ಎರಡೂ ಒಟ್ಟಿಗೆ ಸಾಧ್ಯವಿಲ್ಲ, ಇರುವ ಗಂಟು ಒಂದೇ ಎಂಬ ವಾದವನ್ನು ಹರ್ಮ್ಸ್ ಮತ್ತು ಮ್ಯಾಟ್ಸನ್ 1992ರಲ್ಲಿ ವಿವರವಾಗಿ ಮಂಡಿಸಿದ್ದರು. ಬಹುಕಾಲ ಎಲ್ಲರೂ ಒಪ್ಪಿದ್ದರು. ಬಡವರ ಮನೆಯ ಲೆಕ್ಕದಂತೆ ಅದು ಸಹಜವಾಗಿಯೂ ಕೇಳಿಸುತ್ತದೆ. 2016ರಲ್ಲಿ ಮಿಷಿಗನ್ನಿನ ಗ್ರೆಗ್ ಹೋವ್ ಅವರ ತಂಡ ಅದೇ ಸಾಸಿವೆ ಬಳಗದ ಗಿಡದಲ್ಲಿ ಐದು ಜಾಝ್ ಜೀನುಗಳನ್ನೂ, ಜೊತೆಗೆ ಬೆಳಕನ್ನು ಗ್ರಹಿಸುವ ಒಂದು ಜೀನನ್ನೂ ತೆಗೆದುಹಾಕಿತು. ಗಿಡ ಕೀಡಿಯನ್ನೂ ತಡೆಯಿತು, ಚೆನ್ನಾಗಿ ಬೆಳೆಯಿತು ಕೂಡ. ಗಂಟು ಖಾಲಿಯಾಗಿದ್ದರೆ ಇದು ಆಗುತ್ತಿರಲಿಲ್ಲ. ಬೆಳವಣಿಗೆ ತಗ್ಗುತ್ತಿದ್ದದ್ದು ದುಡ್ಡಿಲ್ಲದೆ ಅಲ್ಲ, ಗೇಟುಗಳು ಒಂದಕ್ಕೊಂದು ಕಟ್ಟಿಕೊಂಡಿದ್ದರಿಂದ. ಹಾಗೆಂದು ಖರ್ಚೇ ಇಲ್ಲ ಅನ್ನುವಂತಿಲ್ಲ. ಅದೇ ಜೀನುಗಳನ್ನು ಇನ್ನಷ್ಟು ಕಿತ್ತಾಗ ಗಿಡ ಸೊರಗಿತು, ಬೀಜ ಕಡಿಮೆಯಾಯಿತು.

ಭತ್ತ ತಾನೇ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ತೆನೆಯಲ್ಲಿ ಕಾಳು ಹೆಚ್ಚಿಸುವ ಐಪಿಎ-1 ಎಂಬ ಪ್ರೋಟೀನು ಬೆಂಕಿ ರೋಗದ ಶಿಲೀಂಧ್ರ ತಾಗಿದ ಕೂಡಲೇ ರಂಜಕದ ಒಂದು ಗುರುತು ಹಾಕಿಸಿಕೊಂಡು, ಕಾಳಿನ ಜೀನು ಬಿಟ್ಟು ರಕ್ಷಣೆಯ ಜೀನಿನ ಕೆಲಸ ಹಿಡಿಯುತ್ತದೆ. 48 ಗಂಟೆಯೊಳಗೆ ಗುರುತು ಅಳಿಸಿ ಮತ್ತೆ ಕಾಳಿನ ಕೆಲಸಕ್ಕೆ ಮರಳುತ್ತದೆ. ಚೀನಾದ ಸಿಚುವಾನ್ ಕೃಷಿ ವಿಶ್ವವಿದ್ಯಾಲಯದವರು 2018ರಲ್ಲಿ ಇದನ್ನು ಬೆಳಕಿಗೆ ತಂದರು. ಹಗಲು ಹೊಲ, ರಾತ್ರಿ ಕಾವಲು, ಬೆಳಗಾದರೆ ಮತ್ತೆ ಹೊಲ. ಕಡಲೆ ಬೆಳೆಯುವ ಮನೆಗಳಲ್ಲಿ ಈ ಪಾಳಿ ಎಲ್ಲರಿಗೂ ಗೊತ್ತು.

ಇಷ್ಟೆಲ್ಲ ಹೆಣೆದುಕೊಂಡಿರುವ ಜಾಲದ ಒಂದು ಎಳೆಯನ್ನು ನಾವು ಬಾಟಲಿಯಿಂದ ಎಳೆಯುತ್ತೇವೆ. ತೊಗರಿಯ ಹೂವು ನಿಲ್ಲಲು ರಾಯಚೂರು ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಪಲ್ಸ್ ಮ್ಯಾಜಿಕ್‌ನಲ್ಲಿ ಗೊಬ್ಬರದ ಜೊತೆಗೆ ಬೆಳವಣಿಗೆ ನಿಯಂತ್ರಕವೂ ಇದೆ. ಎಷ್ಟು ಇದೆ, ಯಾವಾಗ ಹೊಡೆಯಬೇಕು ಎಂದು ಪೊಟ್ಟಣದ ಮೇಲೆ ಇದೆ. ನನ್ನ ತಕರಾರು ಅಂಥದರ ಮೇಲಲ್ಲ. ಗೊಬ್ಬರದ ಅಂಗಡಿಯಲ್ಲಿ "ಟಾನಿಕ್" ಎಂದು ಕೈಗೆ ಇಡುವ, ಎಲೆ ಕಡುಹಸಿರಾಗಿ ಗಿಡ ಸರಸರ ಏಳುವ ಭರವಸೆ ಕೊಡುವ ಬಾಟಲಿಗಳ ಮೇಲೆ. ಗಿಡ ಏಳುವುದು ಕಾಣುತ್ತದೆ. ಕೆಳಗೆ ಯಾವ ಗೇಟು ಮುರಿಯಿತು ಎಂಬುದು ಕಾಣುವುದಿಲ್ಲ.

ಕಾನೂನು ಇದನ್ನು ನಮಗಿಂತ ಮೊದಲೇ ಗಂಭೀರವಾಗಿ ತೆಗೆದುಕೊಂಡಿದೆ. ಜಿಬ್ಬರೆಲಿಕ್ ಆಮ್ಲ, ಎಥ್ರೆಲ್ಲಿನಂಥ ಬೆಳವಣಿಗೆ ನಿಯಂತ್ರಕಗಳು ಭಾರತದಲ್ಲಿ ಗೊಬ್ಬರದ ಲೆಕ್ಕಕ್ಕೆ ಬರುವುದಿಲ್ಲ. 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕು. ಸಸ್ಯ ಚೇತಕಗಳೆಂದು ಮಾರುವ ಉಳಿದವನ್ನೂ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಕ್ಕೆ ತಂದಿದ್ದಾರೆ. ಮುಂದಿನ ಸಲ ಅಂಗಡಿಯವರು ಬಾಟಲಿ ಮುಂದೆ ಇಟ್ಟಾಗ ತಿರುಗಿಸಿ ಹಿಂದಿನ ಚೀಟಿ ಓದಿ. ಒಳಗಿನ ಹಾರ್ಮೋನಿನ ಹೆಸರು, ಶೇಕಡಾವಾರು, ನೋಂದಣಿ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.